ಮೇಜರ್ ಲೀಗ್ ಮುಟ್ಟದ ಆಟಗಾರ ಕೋಚ್ ಆಗುವ ದಾರಿ

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು, ಇಪ್ಪತ್ತೆರಡು ವರ್ಷಗಳಿಂದ ಅಮೆರಿಕದಲ್ಲಿ ನೆಲೆಸಿದ್ದೇವೆ. ನಮ್ಮ ಮಗ ಇಲ್ಲಿಯ ಒಂದು ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದಲ್ಲಿ ಫಸ್ಟ್ ಬೇಸ್ ಸ್ಥಾನದಲ್ಲಿ ಆಡುತ್ತಾನೆ. ಈಗ ಮೂರನೆಯ ವರ್ಷ. ಬ್ಯಾಟಿಂಗ್‌ನಲ್ಲಿ ತಂಡಕ್ಕೆ ಅವನೇ ಮುಂದು. ಜುಲೈ ತಿಂಗಳಲ್ಲಿ ವೃತ್ತಿಪರ ತಂಡದವರು ಕರೆದರೆ ಓದು ನಿಲ್ಲಿಸಿ ಅವರ ಕೆಳಹಂತದ ತಂಡಗಳು ಆಡುವ ಮೈನರ್ ಲೀಗ್‌ಗೆ ಹೋಗುತ್ತೇನೆ, ಮೇಲಕ್ಕೇರಲು ಆಗದಿದ್ದರೆ ಕೋಚ್ ಆಗುತ್ತೇನೆ ಎನ್ನುತ್ತಾನೆ. ಮಾತೆತ್ತಿದರೆ, ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಆಡದೆಯೇ ಅಲ್ಲಿಯ ತಂಡಗಳಿಗೆ ಮುಖ್ಯ ತರಬೇತುದಾರರಾದ ಬಕ್ ಶೋವಾಲ್ಟರ್ ಅವರ ಉದಾಹರಣೆ ಕೊಡುತ್ತಾನೆ. ತಾನೇ ಮೇಲಕ್ಕೆ ಹೋಗಲಾರದವನು ಮೇಲಿನವರಿಗೆ ಕಲಿಸುವುದು ಹೇಗೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಈ ದಾರಿಯನ್ನು ನಂಬಬಹುದೇ?

ಉತ್ತರ: ನಿಮ್ಮ ಮಗ ಆರಿಸಿಕೊಂಡಿರುವ ಉದಾಹರಣೆ ಸರಿಯಾದದ್ದೇ. ಆದರೆ ಆ ಉದಾಹರಣೆಯಿಂದ ಅವನು ಕಲಿತಿರುವುದು ಪೂರ್ತಿ ಸರಿಯಿಲ್ಲ ಎಂದು ನನಗನಿಸುತ್ತದೆ. ಮೊದಲು ಆಟ, ಅದು ಕೈಕೊಟ್ಟರೆ ಕೋಚಿಂಗ್ ಎಂದು ಅವನು ಎರಡನ್ನೂ ಒಂದರ ಹಿಂದೆ ಒಂದರಂತೆ ಇಟ್ಟುಕೊಂಡಿದ್ದಾನೆ. ಶೋವಾಲ್ಟರ್ ಅವರ ಬದುಕನ್ನು ವರ್ಷ ವರ್ಷವಾಗಿ ನೋಡಿದರೆ ಅವು ಹಾಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಅವರು ಕೋಚ್ ಆಗಿ ರೂಪುಗೊಂಡದ್ದು ಮೈನರ್ ಲೀಗ್‌ನಲ್ಲಿ ಇನ್ನೂ ಆಡುತ್ತಿದ್ದ ಏಳು ವರ್ಷಗಳಲ್ಲಿಯೇ. ಆದ್ದರಿಂದ ಮೊದಲು ಅವರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಿ, ಆಮೇಲೆ ನಿಮ್ಮ ಮನೆಯ ಪ್ರಶ್ನೆಗೆ ಬರುತ್ತೇನೆ.

ವಿಲಿಯಂ ನಥಾನಿಯಲ್ ಶೋವಾಲ್ಟರ್ ಹುಟ್ಟಿದ್ದು 1956ರಲ್ಲಿ, ಫ್ಲಾರಿಡಾದ ಡಿಫ್ಯೂನಿಯಾಕ್ ಸ್ಪ್ರಿಂಗ್ಸ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಸೆಂಚುರಿ ಎಂಬ ಸಣ್ಣ ಊರಿನಲ್ಲಿ. ತಂದೆ ಶಾಲೆಯ ಉಪಾಧ್ಯಾಯರಾಗಿ, ಮುಖ್ಯೋಪಾಧ್ಯಾಯರಾಗಿ ಕೆಲಸ ಮಾಡಿದವರು. ಪಾಠ ಹೇಳುವವರ ಮನೆಯಲ್ಲಿ ಬೆಳೆದ ಹುಡುಗ ಎಂಬುದನ್ನು ನಾನು ಸಣ್ಣ ಸಂಗತಿಯೆಂದು ಭಾವಿಸುವುದಿಲ್ಲ. ಚಿಪೋಲ ಜೂನಿಯರ್ ಕಾಲೇಜಿನಲ್ಲಿ ಆಡಿದ ಮೇಲೆ ಅವರು ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಆಗ ತರಬೇತುದಾರರಾಗಿದ್ದವರು ರಾನ್ ಪೋಲ್ಕ್. 1976ರ ಬೇಸಿಗೆಯಲ್ಲಿ, ದೇಶದ ಉತ್ತಮ ಕಾಲೇಜು ಆಟಗಾರರು ಸೇರುವ ಕೇಪ್ ಕಾಡ್ ಲೀಗ್‌ನಲ್ಲಿ ಹಯಾನಿಸ್ ತಂಡಕ್ಕೆ ಆಡಿ .434 ಸರಾಸರಿ ಗಳಿಸಿ ಅತ್ಯಂತ ಮೌಲಿಕ ಆಟಗಾರನೆಂಬ ಪ್ರಶಸ್ತಿ ಪಡೆದರು. ಮರುವರ್ಷ ಮಿಸಿಸಿಪಿ ಸ್ಟೇಟ್ ಪರವಾಗಿ .459. ಕ್ರಿಕೆಟ್ ಸರಾಸರಿಗೆ ಒಗ್ಗಿದ ನಮಗೆ ಈ ಅಂಕಿ ಒಮ್ಮೆಗೇ ಹೊಳೆಯುವುದಿಲ್ಲ. ಬೇಸ್‌ಬಾಲ್ ಲೆಕ್ಕದಲ್ಲಿ ಅದರ ಅರ್ಥ, ಎಣಿಕೆಗೆ ಬರುವ ಸಾವಿರ ಬ್ಯಾಟಿಂಗ್ ಸರದಿಗಳಿಗೆ 459 ಹಿಟ್‌ಗಳ, ಎಂದರೆ ಬ್ಯಾಟರ್‌ನನ್ನು ಬೇಸ್‌ಗೆ ಮುಟ್ಟಿಸುವ ಹೊಡೆತಗಳ, ಪ್ರಮಾಣದಲ್ಲಿ ಯಶಸ್ಸು. ಮೇಜರ್ ಲೀಗ್‌ನಲ್ಲಿ ಮುನ್ನೂರು ದಾಟಿದವನನ್ನೇ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಆ .459 ವಿಶ್ವವಿದ್ಯಾಲಯದ ದಾಖಲೆಯಾಯಿತು. ಅದೇ ವರ್ಷದ ಡ್ರಾಫ್ಟ್‌ನಲ್ಲಿ, ಎಂದರೆ ವೃತ್ತಿಪರ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆಯ್ದುಕೊಳ್ಳುವ ವಾರ್ಷಿಕ ಪ್ರಕ್ರಿಯೆಯಲ್ಲಿ, ನ್ಯೂಯಾರ್ಕ್ ಯಾಂಕೀಸ್ ಅವರನ್ನು ಐದನೆಯ ಸುತ್ತಿನಲ್ಲಿ ಆರಿಸಿತು.

ಇಷ್ಟೆಲ್ಲ ಇದ್ದೂ ಅವರು ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

1977ರಿಂದ 1983ರವರೆಗೆ ಅವರು ಫೋರ್ಟ್ ಲಾಡರ್‌ಡೇಲ್, ವೆಸ್ಟ್ ಹೇವನ್, ನ್ಯಾಶ್‌ವಿಲ್, ಕೊಲಂಬಸ್ ಎಂದು ಯಾಂಕೀಸ್‌ನ ಕೆಳಹಂತದ ತಂಡಗಳಲ್ಲಿ ಆಡುತ್ತಾ ಕೊನೆಯ ಮೆಟ್ಟಿಲಾದ ಟ್ರಿಪಲ್-ಎ ಹಂತದವರೆಗೂ ಹೋದರು. ಆಟ ಕೆಟ್ಟಿತೆಂದು ಹೇಳುವಂತಿಲ್ಲ: ಒಟ್ಟು ಸರಾಸರಿ .294, 1980ರಲ್ಲಿ ಮತ್ತು 1982ರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದ ಸದರ್ನ್ ಲೀಗ್‌ನಲ್ಲಿ ಅತಿ ಹೆಚ್ಚು ಹಿಟ್ ಗಳಿಸಿದವರು ಅವರೇ. ಹಾಗಿದ್ದರೆ ಎಲ್ಲಿ ತಡೆಯಾಯಿತು? ನಿಮ್ಮ ಮಗನೂ ಫಸ್ಟ್ ಬೇಸ್ ಆಟಗಾರ ಎಂದು ಬರೆದಿದ್ದೀರಿ. ಆದ್ದರಿಂದ ಈ ಭಾಗವನ್ನು ಅವನಿಗೆ ಓದಿ ಹೇಳಿ.

ಬೇಸ್‌ಬಾಲ್‌ನಲ್ಲಿ ಪ್ರತಿಯೊಂದು ಸ್ಥಾನಕ್ಕೂ ಒಂದು ಬೆಲೆ ಇದೆ. ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ), ಕ್ಯಾಚರ್ (ಬ್ಯಾಟರ್ ಹಿಂದೆ), ಸೆಂಟರ್ ಫೀಲ್ಡ್ (ಹೊರ ಅಂಗಳದ ನಡುವೆ) ಸ್ಥಾನಗಳಲ್ಲಿ ಚೆಂಡು ಹಿಡಿಯುವುದೇ ಕಷ್ಟದ ಕೆಲಸವಾದ್ದರಿಂದ ಅಲ್ಲಿ ನಿಲ್ಲಬಲ್ಲವನು ಬ್ಯಾಟಿಂಗ್‌ನಲ್ಲಿ ಸಾಧಾರಣನಾದರೂ ತಂಡ ಸಹಿಸಿಕೊಳ್ಳುತ್ತದೆ. ಫಸ್ಟ್ ಬೇಸ್‌ನ ಲೆಕ್ಕ ಬೇರೆ. ಅದನ್ನು ಹಲವರು ಆಡಬಲ್ಲರು. ಹಾಗಾಗಿ ಅಲ್ಲಿ ನಿಲ್ಲುವವನು ಚೆಂಡನ್ನು ಬೇಲಿಯಾಚೆ ಕಳಿಸಬೇಕೆಂದು, ಎಂದರೆ ಹೋಮ್ ರನ್ ಹೊಡೆಯಬೇಕೆಂದು, ತಂಡದವರು ನಿರೀಕ್ಷಿಸುತ್ತಾರೆ. ಫಸ್ಟ್ ಬೇಸ್‌ನಲ್ಲಿ ಮತ್ತು ಹೊರ ಅಂಗಳದಲ್ಲಿ ಆಡುತ್ತಿದ್ದ ಶೋವಾಲ್ಟರ್ ಅವರು ಏಳು ವರ್ಷಗಳಲ್ಲಿ ಹೊಡೆದ ಹೋಮ್ ರನ್‌ಗಳು ಒಟ್ಟು 17. 1980ರಲ್ಲಿ ಅದೇ ನ್ಯಾಶ್‌ವಿಲ್ ತಂಡದಲ್ಲಿ ಅವರ ಜೊತೆಗಾರರಾಗಿದ್ದ ಫಸ್ಟ್ ಬೇಸ್ ಆಟಗಾರ ಸ್ಟೀವ್ ಬಾಲ್ಬೋನಿ ಆ ಒಂದೇ ವರ್ಷದಲ್ಲಿ 34 ಹೊಡೆದರು. 1981ರಲ್ಲಿ ಅದೇ ತಂಡಕ್ಕೆ ಇನ್ನೊಬ್ಬ ಹುಡುಗ ಬಂದ. 1979ರ ಡ್ರಾಫ್ಟ್‌ನಲ್ಲಿ ಹತ್ತೊಂಬತ್ತನೆಯ ಸುತ್ತಿನವರೆಗೂ ಯಾರೂ ಕೇಳದೆ ಉಳಿದಿದ್ದವನು. ಹೆಸರು ಡಾನ್ ಮ್ಯಾಟಿಂಗ್ಲಿ. ಮುಂದೆ ಯಾಂಕೀಸ್‌ನ ಫಸ್ಟ್ ಬೇಸ್ ಆತನದಾಯಿತು. 1984ರಲ್ಲಿ, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಕಿರೀಟವೂ ಆತನಿಗೇ ಸಿಕ್ಕಿತು.

ಕಾಲೇಜಿನ .459 ವೃತ್ತಿಪರ ಆಟದಲ್ಲಿ .294ಕ್ಕೆ ಇಳಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು. 1974ರಿಂದ ಕಾಲೇಜು ಆಟದಲ್ಲಿ ಅಲ್ಯೂಮಿನಿಯಂ ಬ್ಯಾಟ್‌ಗೆ ಅನುಮತಿ ಇತ್ತು. ಕೇಪ್ ಕಾಡ್ ಲೀಗ್ ಮರದ ಬ್ಯಾಟ್‌ಗೆ ಮರಳಿದ್ದು 1985ರಲ್ಲಿ. ಲೋಹದ ಬ್ಯಾಟ್ ಹಗುರ, ಅದರಲ್ಲಿ ಚೆಂಡು ಚಿಮ್ಮುವ ಜಾಗವೂ ಅಗಲ. ಮರದ ಬ್ಯಾಟಿನ ಹಿಡಿಯ ಹತ್ತಿರಕ್ಕೆ ಚೆಂಡು ಬಂದರೆ ಬ್ಯಾಟೇ ಮುರಿಯುತ್ತದೆ, ಕೈ ಜುಮ್ಮೆನ್ನುತ್ತದೆ, ಚೆಂಡು ನಾಲ್ಕು ಹೆಜ್ಜೆ ಉರುಳಿ ನಿಲ್ಲುತ್ತದೆ. 2011ರಿಂದ ಕಾಲೇಜಿನ ಲೋಹದ ಬ್ಯಾಟ್‌ಗಳಿಗೆ ಕಟ್ಟುನಿಟ್ಟಿನ ಮಾನದಂಡ ಬಂದು ಈ ಅಂತರ ತಗ್ಗಿದೆ, ಹೋಗಿಲ್ಲ. ಜೊತೆಗೆ ಕಾಲೇಜಿನಲ್ಲಿ ಒಳ್ಳೆಯ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಎದುರಾಗುವುದು ವಾರದ ಕೊನೆಯ ಪಂದ್ಯಗಳಲ್ಲಿ, ಇಡೀ ಋತುವಿಗೆ ಐವತ್ತಾರು ಪಂದ್ಯಗಳ ಸುಮಾರಿನಲ್ಲಿ. ಮೈನರ್ ಲೀಗ್‌ನಲ್ಲಿ ವಾರಕ್ಕೆ ಆರು ದಿನ ಆಟ, ಆರು ದಿನವೂ ಎದುರಿಗೆ ನಿಲ್ಲುವವನು ತನ್ನ ಕಾಲೇಜಿನ ಅತ್ಯುತ್ತಮ ಪಿಚರ್ ಆಗಿದ್ದವನು.

ಇನ್ನು ನಿಮ್ಮ ಮುಖ್ಯ ಸಂದೇಹ: ಮೇಲಕ್ಕೆ ಹೋಗಲಾರದವನು ಮೇಲಿನವರಿಗೆ ಏನು ಕಲಿಸಿಯಾನು? ಇದಕ್ಕೆ ನಾನು ಬಹಳ ಕಾಲ ಯೋಚಿಸಿ ಕಂಡುಕೊಂಡ ಉತ್ತರ ಇದು. ಯಾವುದು ನಮಗೆ ಹುಟ್ಟಿನಿಂದ ಬಂದಿರುತ್ತದೆಯೋ ಅದನ್ನು ನಾವು ಬಿಡಿಸಿ ನೋಡುವುದಿಲ್ಲ, ನೋಡುವ ಅಗತ್ಯವೂ ಬೀಳುವುದಿಲ್ಲ. ಗಂಟೆಗೆ ತೊಂಬತ್ತೈದು ಮೈಲಿ ವೇಗದ ಚೆಂಡನ್ನು ಸಲೀಸಾಗಿ ಹೊಡೆಯುವವನಿಗೆ ತಾನು ಹೇಗೆ ಹೊಡೆದೆ ಎಂದು ಕೇಳಿದರೆ, ಚೆಂಡನ್ನು ನೋಡಿದೆ, ಹೊಡೆದೆ ಎನ್ನುತ್ತಾನೆ. ಆ ಶಕ್ತಿ ಇಲ್ಲದವನು ತಂಡದಲ್ಲಿ ಉಳಿಯಬೇಕಾದರೆ ಪಿಚರ್‌ನ ಹೆಗಲು ಯಾವಾಗ ತೆರೆಯುತ್ತದೆ, ಎರಡು ಸ್ಟ್ರೈಕ್ ಆದ ಮೇಲೆ (ಮೂರನೆಯದಕ್ಕೆ ಬ್ಯಾಟರ್ ಔಟ್) ಅವನು ಏನು ಎಸೆಯುತ್ತಾನೆ, ಎದುರು ತಂಡದ ಬಲ ಅಂಗಳದ ಆಟಗಾರನ ತೋಳು ಎಷ್ಟು ಬಲವಾಗಿದೆ ಎಂಬುದನ್ನೆಲ್ಲ ಒಂದೊಂದಾಗಿ ಎಣಿಸಿ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಹೋಮ್ ರನ್ ಬಲವಿಲ್ಲದೆ ಏಳು ವರ್ಷ ಉಳಿದು .294 ಹೊಡೆದವನು ಇಂಥ ಲೆಕ್ಕದಿಂದಲೇ ಉಳಿದಿರಬೇಕು. ಅವನಿಗೆ ಆ ವಿದ್ಯೆ ಬಿಡಿ ಬಿಡಿಯಾಗಿ ಬಂದಿರುವುದರಿಂದ ಬೇರೆಯವರಿಗೂ ಬಿಡಿಸಿ ಹೇಳಬಲ್ಲ. ಎಲ್ಲ ಮಹಾನ್ ಆಟಗಾರರೂ ಕೆಟ್ಟ ಗುರುಗಳು ಎಂದು ನಾನು ಹೇಳುತ್ತಿಲ್ಲ. ಮ್ಯಾಟಿಂಗ್ಲಿ ಅವರೇ ಮುಂದೆ ಲಾಸ್ ಏಂಜಲಿಸ್ ಮತ್ತು ಮಯಾಮಿ ತಂಡಗಳ ಮ್ಯಾನೇಜರ್ ಆದರು. ಆಡುವ ಶಕ್ತಿ ಬೇರೆ, ಕಲಿಸುವ ಶಕ್ತಿ ಬೇರೆ ಎಂಬುದಷ್ಟೇ ನನ್ನ ಮಾತು.

1984ರಲ್ಲಿ ಶೋವಾಲ್ಟರ್ ಆಟ ಬಿಟ್ಟು, ಏಳು ವರ್ಷಗಳ ಹಿಂದೆ ತಮ್ಮ ವೃತ್ತಿ ಆರಂಭವಾಗಿದ್ದ ಫೋರ್ಟ್ ಲಾಡರ್‌ಡೇಲ್‌ನಲ್ಲಿಯೇ ಕೋಚ್ ಆದರು. ಅಲ್ಲಿಂದ ಮುಂದಿನ ನಡೆಯನ್ನು ಗಮನಿಸಿ. 1985ರಲ್ಲಿ ನ್ಯೂಯಾರ್ಕ್ ರಾಜ್ಯದ ಒನಿಯಾಂಟ ಎಂಬ ಊರಿನ ತಂಡಕ್ಕೆ ಮ್ಯಾನೇಜರ್ ಆಗಿ 55 ಗೆಲುವು, 23 ಸೋಲು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಕಚೇರಿಯ ವ್ಯವಸ್ಥಾಪಕನಲ್ಲ, ಯಾರು ಆಡಬೇಕು, ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಂದು ನಿರ್ಧರಿಸುವ ಮುಖ್ಯ ತರಬೇತುದಾರ. 1987ರಲ್ಲಿ ಫೋರ್ಟ್ ಲಾಡರ್‌ಡೇಲ್ ತಂಡಕ್ಕೆ ಫ್ಲಾರಿಡಾ ಸ್ಟೇಟ್ ಲೀಗ್ ಪ್ರಶಸ್ತಿ. 1989ರಲ್ಲಿ ಆಲ್ಬನಿ-ಕಲೋನಿ ತಂಡಕ್ಕೆ ಈಸ್ಟರ್ನ್ ಲೀಗ್ ಪ್ರಶಸ್ತಿ. ಆಟಗಾರನಾಗಿ ಹತ್ತಿದ ಅದೇ ಏಣಿಯನ್ನು ಅವರು ಕೆಳಗಿನ ಮೆಟ್ಟಿಲಿನಿಂದ ಎರಡನೆಯ ಬಾರಿ ಹತ್ತಿದರು. 1990ರಲ್ಲಿ ಯಾಂಕೀಸ್‌ನ ಮುಖ್ಯ ತಂಡದ ಕೋಚ್ ಬಳಗಕ್ಕೆ ಸೇರಿದರು; 1992ರ ಋತುವಿಗೆ ಮೂವತ್ತೈದನೆಯ ವಯಸ್ಸಿನಲ್ಲಿ ಆ ತಂಡದ ಮ್ಯಾನೇಜರ್ ಆದರು.

ಆಗ ಅವರ ಫಸ್ಟ್ ಬೇಸ್‌ನಲ್ಲಿ ನಿಂತಿದ್ದವರು, ತಂಡದ ನಾಯಕರಾಗಿದ್ದವರು, ಡಾನ್ ಮ್ಯಾಟಿಂಗ್ಲಿ. ಯಾವ ಜಾಗಕ್ಕಾಗಿ ಒಬ್ಬ ಏಳು ವರ್ಷ ಬೆವರು ಸುರಿಸಿದನೋ ಆ ಜಾಗದಲ್ಲಿ ನಿಂತ ಇನ್ನೊಬ್ಬನನ್ನು ನಾಲ್ಕು ವರ್ಷ ಮುನ್ನಡೆಸುವುದು ಎಂಥ ಅನುಭವವಾಗಿರಬಹುದು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಹೊಟ್ಟೆಕಿಚ್ಚು ಇಟ್ಟುಕೊಂಡವನಿಂದ ಆ ಕೆಲಸ ಆಗುತ್ತಿರಲಿಲ್ಲ. 1995ರಲ್ಲಿ ಯಾಂಕೀಸ್ ಪ್ಲೇಆಫ್‌ಗೆ, ಎಂದರೆ ಋತುವಿನ ಕೊನೆಯಲ್ಲಿ ಪ್ರಶಸ್ತಿಗಾಗಿ ನಡೆಯುವ ಪಂದ್ಯಗಳಿಗೆ, ಹೋಯಿತು. ಮ್ಯಾಟಿಂಗ್ಲಿ ಅವರ ಇಡೀ ಆಟದ ಜೀವನದಲ್ಲಿ ಪ್ಲೇಆಫ್ ಆಡಿದ್ದು ಅದೊಂದೇ ಸಲ.

ಶೋವಾಲ್ಟರ್ ಹೇಗೆ ಯೋಚಿಸುತ್ತಿದ್ದರು ಎಂಬುದಕ್ಕೆ ಒಂದು ಘಟನೆಯನ್ನು ಹೇಳಲೇಬೇಕು. 1998ರ ಮೇ 28, ಸ್ಯಾನ್ ಫ್ರಾನ್ಸಿಸ್ಕೊ. ಅವರು ಆಗ ಹೊಸದಾಗಿ ಹುಟ್ಟಿದ್ದ ಆರಿಜೋನಾ ಡೈಮಂಡ್‌ಬ್ಯಾಕ್ಸ್ ತಂಡದ ಮ್ಯಾನೇಜರ್. ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆ, ಆರಿಜೋನಾ 8-6ರಿಂದ ಮುಂದಿದೆ, ಎದುರಾಳಿಗಳಲ್ಲಿ ಇಬ್ಬರು ಔಟ್, ಮೂರೂ ಬೇಸ್‌ಗಳಲ್ಲಿ ಓಟಗಾರರು. ಬ್ಯಾಟ್ ಹಿಡಿದು ಬಂದವರು ಬ್ಯಾರಿ ಬಾಂಡ್ಸ್. ಬಾಂಡ್ಸ್ ಅವರಿಗೆ ಹೊಡೆಯಲು ಸಿಗದಂತೆ ಉದ್ದೇಶಪೂರ್ವಕವಾಗಿ ನಾಲ್ಕು ಬಾಲ್ ಎಸೆಯಲು ಶೋವಾಲ್ಟರ್ ತಮ್ಮ ಪಿಚರ್‌ಗೆ ಹೇಳಿದರು. ಹಾಗೆ ಮಾಡಿದರೆ ಬಾಂಡ್ಸ್ ಫಸ್ಟ್ ಬೇಸ್‌ಗೆ ನಡೆದುಹೋಗುತ್ತಾರೆ, ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿಯುತ್ತಾರೆ, ಎದುರಾಳಿಗೆ ಒಂದು ರನ್ ಪುಕ್ಕಟೆಯಾಗಿ ಸಿಗುತ್ತದೆ. ಅಂಕ 8-7 ಆಯಿತು. ಮುಂದಿನ ಬ್ಯಾಟರ್ ಬ್ರೆಂಟ್ ಮೇನ್ ಹೊಡೆದ ಚೆಂಡು ಬಲ ಅಂಗಳದಲ್ಲಿ ಕ್ಯಾಚ್ ಆಯಿತು. ಪಂದ್ಯ ಆರಿಜೋನಾ ಪಾಲಾಯಿತು. ಸೋತಿದ್ದರೆ ಅವರನ್ನು ಯಾರೂ ಕ್ಷಮಿಸುತ್ತಿರಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಬಾಂಡ್ಸ್ ಒಂದು ಹೊಡೆತದಿಂದ ಪಂದ್ಯವನ್ನೇ ಮುಗಿಸಬಲ್ಲವರು, ಮೇನ್ ಸಮರ್ಥ ಕ್ಯಾಚರ್, ಅಂಥ ಭಯ ಹುಟ್ಟಿಸುವ ಬ್ಯಾಟರ್ ಅಲ್ಲ. ಒಂದು ರನ್ ಕೊಟ್ಟು ಇನ್ನೊಬ್ಬ ಬ್ಯಾಟರನ್ನು ಕೊಂಡುಕೊಂಡ ಹಾಗೆ ಅದು. ಬಲವಿಲ್ಲದೆ ಏಳು ವರ್ಷ ಆಡಿದವನಿಗೆ ಬಲ ಎಂದರೇನು, ಅದರ ಬೆಲೆ ಎಷ್ಟು ಎಂಬುದು ಚೆನ್ನಾಗಿ ಗೊತ್ತಿತ್ತೆಂದು ನಾನು ಈ ತೀರ್ಮಾನವನ್ನು ಓದಿಕೊಳ್ಳುತ್ತೇನೆ.

ಮರುವರ್ಷ ಆ ತಂಡ ನೂರು ಪಂದ್ಯ ಗೆದ್ದಿತು. ಮುಂದೆ ಟೆಕ್ಸಾಸ್, ಬಾಲ್ಟಿಮೋರ್, ಕೊನೆಗೆ ನ್ಯೂಯಾರ್ಕ್ ಮೆಟ್ಸ್. ವರ್ಷದ ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಅವರಿಗೆ 1994, 2004, 2014 ಮತ್ತು 2022ರಲ್ಲಿ, ನಾಲ್ಕು ಬೇರೆ ಬೇರೆ ತಂಡಗಳ ಜೊತೆಗೆ, ದೊರೆಯಿತು. ಮೇಜರ್ ಲೀಗ್ ಮ್ಯಾನೇಜರ್ ಆಗಿ ಒಟ್ಟು 1,727 ಗೆಲುವು. ಇದರ ಇನ್ನೊಂದು ಮುಖವನ್ನೂ ನಿಮ್ಮ ಮಗ ತಿಳಿದಿರಬೇಕು. ಅವರು ಯಾಂಕೀಸ್ ಬಿಟ್ಟ ಮರುವರ್ಷವೇ, 1996ರಲ್ಲಿ, ಆ ತಂಡ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಆರಿಜೋನಾ 2000ದ ಋತುವಿನ ನಂತರ ಅವರನ್ನು ಕೈಬಿಟ್ಟಿತು. 2001ರಲ್ಲಿ ಅದೂ ಗೆದ್ದಿತು. ಎರಡು ಬಾರಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ಮ್ಯಾನೇಜರ್ ಆಗಿದ್ದರೂ ಅವರು ವರ್ಲ್ಡ್ ಸೀರೀಸ್‌ಗೆ ಒಮ್ಮೆಯೂ ಹೋಗಲಿಲ್ಲ. 2018ರಲ್ಲಿ ಬಾಲ್ಟಿಮೋರ್ ತಂಡ ಅವರ ಕೈಯಲ್ಲಿಯೇ 115 ಪಂದ್ಯ ಸೋತಿತು. ಕೋಚಿಂಗ್ ಎಂಬುದು ಆಟಕ್ಕಿಂತ ಸುಭದ್ರವಾದ ಕೆಲಸ ಎಂದು ಅವನು ಭಾವಿಸಿದ್ದರೆ ಆ ಭಾವನೆಯನ್ನು ಈಗಲೇ ಬಿಡಬೇಕು.

ಒಬ್ಬರ ಕಥೆಯಿಂದ ದಾರಿಯನ್ನು ಅಳೆಯಲಾಗದು. ಆದ್ದರಿಂದ ಇನ್ನಿಬ್ಬರನ್ನು ಚಿಕ್ಕದಾಗಿ ಹೇಳುತ್ತೇನೆ. ಇಬ್ಬರೂ ಕಾಲೇಜಿನಲ್ಲಿ ಆಡಿದ ಕ್ಯಾಚರ್‌ಗಳು, ಇಬ್ಬರೂ ಮೇಜರ್ ಲೀಗ್‌ನಲ್ಲಿ ಆಡದವರು. ಬ್ರಯಾನ್ ಸ್ನಿಟ್ಕರ್ ನ್ಯೂ ಆರ್ಲಿಯನ್ಸ್ ವಿಶ್ವವಿದ್ಯಾಲಯದಿಂದ ಬಂದು 1977ರಲ್ಲಿ ಅಟ್ಲಾಂಟಾ ಬ್ರೇವ್ಸ್ ಸಂಸ್ಥೆ ಸೇರಿದರು. ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಿರಲಿಲ್ಲ. ನಾಲ್ಕು ವರ್ಷಗಳಲ್ಲಿ ಆಟ ಮುಗಿಯಿತು. ಆಗ ಬ್ರೇವ್ಸ್‌ನ ಮೈನರ್ ಲೀಗ್ ತಂಡಗಳನ್ನು ನೋಡಿಕೊಳ್ಳುತ್ತಿದ್ದವರು ಹ್ಯಾಂಕ್ ಆರನ್. ಆ ಮಹಾನ್ ಆಟಗಾರರೇ ಸ್ನಿಟ್ಕರ್ ಅವರಿಗೆ ಕೋಚ್ ಕೆಲಸ ಕೊಟ್ಟರು. ಮೇಲಿನ ತಂಡಕ್ಕೆ ಕೋಚ್ ಆಗಿ ಹೋಗುವುದು, ಮತ್ತೆ ಮೈನರ್ ಲೀಗ್‌ಗೆ ಇಳಿಸಲ್ಪಡುವುದು, ಹೀಗೆಯೇ ದಶಕಗಳು ಕಳೆದು 2016ರ ಮೇ ತಿಂಗಳಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಅವರು ಬ್ರೇವ್ಸ್ ತಂಡದ ಮ್ಯಾನೇಜರ್ ಆದರು. 2021ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. ಜೋ ಮ್ಯಾಡನ್ ಪೆನ್ಸಿಲ್ವೇನಿಯಾದ ಲಫಯೆಟ್ ಕಾಲೇಜಿನವರು; ಏಂಜಲ್ಸ್ ಸಂಸ್ಥೆಯಲ್ಲಿ ನಾಲ್ಕು ಋತು ಆಡಿ ಎ ಹಂತವನ್ನೇ ದಾಟಲಿಲ್ಲ. 1981ರಲ್ಲಿ ಐಡಾಹೊ ಫಾಲ್ಸ್‌ನಲ್ಲಿ ಮ್ಯಾನೇಜರ್ ಆಗಿ ಶುರು ಮಾಡಿದ ಅವರು 2016ರಲ್ಲಿ ಶಿಕಾಗೊ ಕಬ್ಸ್ ತಂಡದ ವರ್ಲ್ಡ್ ಸೀರೀಸ್ ಗೆಲುವಿನ 108 ವರ್ಷಗಳ ಕಾಯುವಿಕೆಯನ್ನು ಮುಗಿಸಿದರು.

ಕ್ಯಾಚರ್ ಎಂಬ ಮಾತನ್ನು ಸುಮ್ಮನೆ ಹೇಳಲಿಲ್ಲ. ಬೇಸ್‌ಬಾಲ್ ಅಂಗಳದಲ್ಲಿ ಇಡೀ ಆಟವನ್ನು ಎದುರಿನಿಂದ ನೋಡುವವನು ಅವನೊಬ್ಬನೇ. ಉಳಿದ ಎಂಟು ಜನ ಬ್ಯಾಟರ್ ಕಡೆಗೆ ಮುಖ ಮಾಡಿ ನಿಂತರೆ ಅವನು ಆ ಎಂಟು ಜನರ ಕಡೆಗೆ ಮುಖ ಮಾಡಿ ಕೂತಿರುತ್ತಾನೆ. ಪಿಚರ್‌ನ ಮನಸ್ಸು, ಬ್ಯಾಟರ್‌ನ ಕಾಲು, ಓಟಗಾರನ ಹೆಜ್ಜೆ ಮೂರೂ ಅವನ ಕಣ್ಣಿಗೆ ಬೀಳುತ್ತವೆ.

ವೃತ್ತಿಪರ ಸಂಸ್ಥೆಗಳ ಹೊರಗೆ ಇನ್ನೊಂದು ದಾರಿ ಇದೆ. ನಿಮ್ಮಂಥ ಕುಟುಂಬಕ್ಕೆ ಅದು ಹೆಚ್ಚು ಒಪ್ಪಬಹುದು ಎಂದು ನನ್ನ ಅಭಿಪ್ರಾಯ: ಕಾಲೇಜಿಗೇ ಮರಳುವುದು. ಆಗಿ ಗರೀಡೊ ಫ್ರೆಸ್ನೊ ಸ್ಟೇಟ್ ಪರವಾಗಿ 1959ರ ಕಾಲೇಜ್ ವರ್ಲ್ಡ್ ಸೀರೀಸ್ ಆಡಿ, ಕ್ಲೀವ್‌ಲ್ಯಾಂಡ್ ಸಂಸ್ಥೆಯ ಮೈನರ್ ಲೀಗ್‌ನಲ್ಲಿ ಆರು ವರ್ಷ ಕಳೆದು, ಆಮೇಲೆ ಪ್ರೌಢಶಾಲೆಯಲ್ಲಿ ಕಲಿಸಲು ಆರಂಭಿಸಿದರು. ಕ್ಯಾಲ್ ಸ್ಟೇಟ್ ಫುಲ್ಲರ್ಟನ್‌ಗೆ ಮೂರು, ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಎರಡು, ಒಟ್ಟು ಐದು ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದರು. ಫ್ಲಾರಿಡಾ ಸ್ಟೇಟ್‌ನ ಮೈಕ್ ಮಾರ್ಟಿನ್ ಅದೇ ವಿಶ್ವವಿದ್ಯಾಲಯದ ಆಟಗಾರರಾಗಿದ್ದವರು. ಕೆಲಕಾಲ ಮೈನರ್ ಲೀಗ್ ಆಡಿ ಮರಳಿದ ಅವರು 1980ರಿಂದ 2019ರವರೆಗೆ ನಲವತ್ತು ಋತುಗಳಲ್ಲಿ 2,029 ಪಂದ್ಯ ಗೆದ್ದರು. ರಾಷ್ಟ್ರೀಯ ಪ್ರಶಸ್ತಿ ಮಾತ್ರ ಅವರಿಗೆ ಒಲಿಯಲಿಲ್ಲ. ಆದರೂ ನಲವತ್ತು ವರ್ಷ ಒಂದೇ ಊರಿನಲ್ಲಿ ಇದ್ದು ಹುಡುಗರನ್ನು ಬೆಳೆಸುವ ಬದುಕು ಮೈನರ್ ಲೀಗ್ ಕೋಚ್‌ನಿಗೆ ಸಿಗುವುದು ಅಪರೂಪ. ಅವನು ಎರಡು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಕಾಲೇಜಿನಲ್ಲಿ ಕೋಚ್ ಆಗಲು ಸಾಮಾನ್ಯವಾಗಿ ಪದವಿ ಕೇಳುತ್ತಾರೆ. ಓದು ನಿಲ್ಲಿಸುತ್ತೇನೆ ಎಂಬ ನಿಮ್ಮ ಮಗನ ಮಾತು ನನಗೆ ಒಪ್ಪಿಗೆಯಾಗದಿರುವುದು ಇಲ್ಲಿಯೇ. ನಾಲ್ಕು ವರ್ಷದ ಕಾಲೇಜಿನ ಆಟಗಾರ ಮೂರನೆಯ ವರ್ಷ ಮುಗಿದ ಮೇಲೆ, ಇಲ್ಲವೇ ಇಪ್ಪತ್ತೊಂದು ವಯಸ್ಸಾದ ಮೇಲೆ, ಡ್ರಾಫ್ಟ್‌ಗೆ ಅರ್ಹನಾಗುತ್ತಾನೆ; ಅವನು ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಉಳಿದ ಓದಿನ ಖರ್ಚನ್ನು ತಂಡವೇ ಭರಿಸುವಂತೆ ಮೊದಲ ಒಪ್ಪಂದದಲ್ಲಿಯೇ ಬರೆಸಿಕೊಳ್ಳಲು ಅವಕಾಶವಿದೆ. ಸಹಿ ಹಾಕುವ ಮೊದಲು ಕೇಳಿದರೆ ಸಿಗಬಹುದಾದ ಈ ಸೌಲಭ್ಯವನ್ನು ಸಹಿಯ ನಂತರ ಯಾರೂ ಕೊಡುವುದಿಲ್ಲ. ಬಳಸಿಕೊಳ್ಳಲು ಕಾಲಮಿತಿಯೂ ಇರುತ್ತದೆ. ಸಹಿಯ ಹಣದ ಮೊತ್ತಕ್ಕಿಂತ ಮೊದಲು ನೀವು ತಂದೆಯಾಗಿ ಕೇಳಬೇಕಾದದ್ದು ಇದನ್ನು.

ಹಣದ ವಿಷಯಕ್ಕೆ ಬಂದರೆ, ಶೋವಾಲ್ಟರ್ ಅವರ ಕಾಲಕ್ಕಿಂತ ಈಗಿನ ಸ್ಥಿತಿ ಉತ್ತಮ, ಆದರೆ ಕಿರಿದು. ಮೈನರ್ ಲೀಗ್ ಆಟಗಾರರಿಗೆ 2023ರಲ್ಲಿ ಮೊದಲ ಬಾರಿಗೆ ಸಂಘದ ಮೂಲಕ ಒಪ್ಪಂದವಾಯಿತು. ಅದರಲ್ಲಿ ವರ್ಷದ ಕನಿಷ್ಠ ಸಂಬಳ ಸಿಂಗಲ್-ಎ ಹಂತಕ್ಕೆ 26,200 ಡಾಲರ್, ಡಬಲ್-ಎ ಹಂತಕ್ಕೆ 30,250, ಟ್ರಿಪಲ್-ಎ ಹಂತಕ್ಕೆ 35,800 ಎಂದು ನಿಗದಿಯಾಯಿತು. ವಸತಿಯನ್ನು ತಂಡಗಳೇ ಕೊಡುತ್ತವೆ. ಕಿರಿದು ಎಂದದ್ದು ಜಾಗದ ಬಗ್ಗೆ. 2021ರ ಪುನರ್‌ರಚನೆಯಲ್ಲಿ ನಲವತ್ತಕ್ಕೂ ಹೆಚ್ಚು ಊರುಗಳ ತಂಡಗಳು ಈ ವ್ಯವಸ್ಥೆಯಿಂದ ಹೊರಬಿದ್ದು 120 ಉಳಿದವು. ಶೋವಾಲ್ಟರ್ ಮೊದಲ ಬಾರಿ ಮ್ಯಾನೇಜರ್ ಆದ ಆ ಕಿರು ಋತುವಿನ ಲೀಗ್ ಈಗ ಇಲ್ಲ. ಹಿಂದೆ ನಲವತ್ತು, ಐವತ್ತು ಸುತ್ತು ನಡೆಯುತ್ತಿದ್ದ ಡ್ರಾಫ್ಟ್ ಈಗ ಇಪ್ಪತ್ತೇ ಸುತ್ತು. ಒಂದೊಂದು ಸಂಸ್ಥೆ ಅಮೆರಿಕದ ನೆಲದಲ್ಲಿ ಇಟ್ಟುಕೊಳ್ಳಬಹುದಾದ ಮೈನರ್ ಲೀಗ್ ಆಟಗಾರರು 165. ಮೂವತ್ತು ಸಂಸ್ಥೆಗಳಿಗೆ ಸುಮಾರು ಐದು ಸಾವಿರ ಜನ. ಮೇಲೆ ಮೂವತ್ತು ತಂಡಗಳಿಗೆ ತಲಾ 26ರಂತೆ 780 ಜಾಗ. ಕೆಳಗಿನಿಂದ ಪ್ರತಿ ವರ್ಷ ಆರುನೂರಕ್ಕೂ ಹೆಚ್ಚು ಹೊಸಬರು ಡ್ರಾಫ್ಟ್‌ನಿಂದಲೇ ಬರುತ್ತಾರೆ. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾಗಳಿಂದ ಬರುವ ಹುಡುಗರು ಬೇರೆ. ಆದ್ದರಿಂದ ಯಾರಿಗೂ ಮೊದಲಿನ ಹಾಗೆ ಏಳು ವರ್ಷ ಕಾಯುವ ಅವಕಾಶ ಸಿಗುವ ಭರವಸೆ ಇಲ್ಲ.

ಕೋಚ್ ಆಗುವವರ ಬಗೆಯೂ ಬದಲಾಗಿದೆ. ಈಗ ಚೆಂಡು ಎಷ್ಟು ಸುತ್ತು ತಿರುಗಿತು, ಬ್ಯಾಟಿನಿಂದ ಯಾವ ಕೋನದಲ್ಲಿ ಹೊರಟಿತು ಎಂಬುದನ್ನೆಲ್ಲ ಯಂತ್ರಗಳು ಅಳೆಯುತ್ತವೆ. ಆ ಅಂಕಿಗಳನ್ನು ಓದಿ ಆಟಗಾರನಿಗೆ ಅವನ ಮಾತಿನಲ್ಲಿ ಹೇಳಬಲ್ಲವರಿಗೆ ಬೇಡಿಕೆ. 2022ರಲ್ಲಿ ಯಾಂಕೀಸ್‌ನ ಟ್ಯಾಂಪಾ ತಂಡಕ್ಕೆ ಮ್ಯಾನೇಜರ್ ಆದ ರೇಚಲ್ ಬಾಲ್ಕೊವೆಕ್ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದವರು. ದೇಹ ತರಬೇತಿಯ ವಿಜ್ಞಾನ ಓದಿ, ಲ್ಯಾಟಿನ್ ಅಮೆರಿಕದ ಹುಡುಗರ ಜೊತೆ ಮಾತಾಡಲೆಂದು ಸ್ಪ್ಯಾನಿಷ್ ಕಲಿತು ಆ ಸ್ಥಾನಕ್ಕೆ ಬಂದರು. 2025ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ಟೆನೆಸಿ ವಿಶ್ವವಿದ್ಯಾಲಯದ ಕೋಚ್ ಟೋನಿ ವಿಟೆಲೊ ಅವರನ್ನು ನೇರವಾಗಿ ಮ್ಯಾನೇಜರ್ ಆಗಿ ಕರೆದುಕೊಂಡಿತು. ಅವರಿಗೆ ವೃತ್ತಿಪರ ಆಟದ ಅನುಭವವೇ ಇರಲಿಲ್ಲ. ಮೈನರ್ ಲೀಗ್‌ನ ಮೆಟ್ಟಿಲು ಈಗ ಏಕೈಕ ದಾರಿಯಲ್ಲ. ಹಾಗೆಂದು ಅದು ವ್ಯರ್ಥವೂ ಅಲ್ಲ. ನಾಲ್ಕು ದಿನ ಹಿಟ್ ಸಿಗದೆ ಇರುಳು ಬಸ್ಸಿನಲ್ಲಿ ನಿದ್ದೆಗೆಟ್ಟು ಕೂತ ಹುಡುಗನ ಮನಸ್ಸು ಹೇಗಿರುತ್ತದೆ ಎಂಬುದು, ಹಾಗೆ ಕೂತಿದ್ದವನಿಗೆ ಗೊತ್ತಾಗುವಂತೆ ಬೇರೆಯವರಿಗೆ ಗೊತ್ತಾಗುವುದು ಕಷ್ಟ.

ಆದ್ದರಿಂದ, ದಾರಿಯನ್ನು ನಂಬಬಹುದೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ನಿಮ್ಮ ಮಗ ಆಡದಿರುವ ಹೊತ್ತಿನಲ್ಲಿ ಏನು ಮಾಡುತ್ತಾನೆ ಎಂಬುದರ ಮೇಲೆ ನಿಂತಿದೆ. ತನ್ನ ಸರದಿ ಮುಗಿದ ಮೇಲೆ ಬೆಂಚಿನಲ್ಲಿ ಕೂತು ಎದುರು ಪಿಚರ್‌ನನ್ನು ನೋಡುತ್ತಾನೆಯೇ? ಮೊದಲ ವರ್ಷದ ಹುಡುಗರು ಬ್ಯಾಟಿಂಗ್ ಅಭ್ಯಾಸದ ಜಾಲದಲ್ಲಿ ಎಡವುತ್ತಿದ್ದರೆ ಹತ್ತಿರ ಹೋಗುತ್ತಾನೆಯೇ, ಹೋದರೆ ಅವರು ಅವನ ಮಾತನ್ನು ಕೇಳುತ್ತಾರೆಯೇ? ಸೋತ ಪಂದ್ಯದ ಬಗ್ಗೆ ಮನೆಗೆ ಫೋನ್ ಮಾಡಿದಾಗ ತಾನು ಹೊಡೆದ ಹಿಟ್‌ಗಳನ್ನು ಹೇಳುತ್ತಾನೋ, ಏಳನೆಯ ಇನ್ನಿಂಗ್ಸ್‌ನಲ್ಲಿ ಪಿಚರ್ ಬದಲಿಸಬೇಕಿತ್ತು ಎನ್ನುತ್ತಾನೋ? ಮೈನರ್ ಲೀಗ್ ವ್ಯವಸ್ಥೆಯ ಜವಾಬ್ದಾರಿ ಹೊತ್ತವರು ಆಟಗಾರನನ್ನು ಬಿಡುಗಡೆ ಮಾಡುವ ದಿನ ನೆನಪಿಸಿಕೊಳ್ಳುವುದು ಇಂಥವನ್ನು. ಆ ದಿನ ಕೋಚ್ ಕೆಲಸ ಬೇಕೆಂದು ಕೇಳಿ ಪಡೆದವರಿಗಿಂತ, ಇವನನ್ನು ಕಳಿಸಬೇಡಿ, ಬೇರೆ ಕೆಲಸ ಕೊಡಿ ಎಂದು ಯಾರೋ ಒಬ್ಬರು ಹೇಳಿದ್ದರಿಂದ ಉಳಿದವರೇ ಈ ವೃತ್ತಿಯಲ್ಲಿ ಹೆಚ್ಚು.

ಜುಲೈಗೆ ಇನ್ನೂ ಕಾಲಾವಕಾಶವಿದೆ. ಅವನ ಕಾಲೇಜು ಕೋಚ್ ಒಪ್ಪಿದರೆ, ವಾರದಲ್ಲಿ ಎರಡು ದಿನ ಕ್ಯಾಚರ್ ಕೈಗವಸು ತೊಟ್ಟು, ಪಂದ್ಯಕ್ಕೆ ಮೊದಲು ಪಿಚರ್‌ಗಳು ತೋಳು ಬಿಸಿ ಮಾಡಿಕೊಳ್ಳುವ ಜಾಗದಲ್ಲಿ ಅವರ ಚೆಂಡು ಹಿಡಿಯಲಿ. ಎಡಗೈ ಆಟಗಾರನಾಗಿದ್ದರೆ ಪಂದ್ಯದಲ್ಲಿ ಕ್ಯಾಚರ್ ಆಗಿ ನಿಲ್ಲುವ ಅವಕಾಶ ಬರಲಾರದು, ಆದರೂ ಹಿಡಿಯಲಿ. ಜೊತೆಗೆ ಉಳಿದ ವಿಷಯಗಳಲ್ಲಿ ಒಂದಾಗಿ ಸ್ಪ್ಯಾನಿಷ್ ಆರಿಸಿಕೊಳ್ಳಲು ಅವನ ಕಾಲೇಜಿನಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಿ.